ಗೇಟಿನ ಮುಂದೆ ನಿಂತ ಲಾರಿ

ಹಾಸನ

ಚಿರಂಜೀವಿ ಪುಟ್ಟಿಗೆ,

ಭಾವನವರ ಮಂಡಿನೋವು ಕಡಿಮೆಯಾಗಿದೆ ಎಂದು ಅಕ್ಕ ತಿಳಿಸಿದಳು, ಸಮಾಧಾನವಾಯಿತು. ಅವರು ಇಷ್ಟು ವರ್ಷ ಕಾಪಾಡಿಕೊಂಡು ಬಂದ ಲಾರಿಗಳನ್ನು ನೀನು ವಹಿಸಿಕೊಂಡದ್ದು ನನಗೆ ದೊಡ್ಡ ಸಂತೋಷ. ಬೆಂಗಳೂರಿನ ಎಸಿ ಆಫೀಸು ಬಿಟ್ಟು ಸಕಲೇಶಪುರದ ಮಳೆಯಲ್ಲಿ ಟೈರು, ಟಾರ್ಪಾಲು, ಫಿಟ್‌ನೆಸ್ ಸರ್ಟಿಫಿಕೇಟು (ಎಫ್‌ಸಿ) ಎಂದು ಓಡಾಡುವ ಮನಸ್ಸು ಎಲ್ಲರಿಗೂ ಬರುವುದಿಲ್ಲ.

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಎಲ್ಲ ಗಾಡಿಗಳಿಗೂ ಜಿಪಿಎಸ್ ಹಾಕಿಸಲೇ ಮಾವ? ಡ್ರೈವರುಗಳು ಮುಖ ಸಪ್ಪೆ ಮಾಡಿಕೊಂಡಿದ್ದಾರೆ" ಎಂದು. ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ ಅನ್ನಿಸಿ ಈ ಕಾಗದ ಬರೆಯುತ್ತಿದ್ದೇನೆ. ಹಾಕಿಸು, ಅದರಲ್ಲಿ ಸಂಶಯ ಬೇಡ. ಆದರೆ ಮಾರಲು ಬಂದವರು ನಿನಗೆ ಕೊಟ್ಟ ಕಾರಣವೇ ಬೇರೆ, ನಾನು ಕೊಡುವ ಕಾರಣವೇ ಬೇರೆ. "ಡ್ರೈವರ್ ಎಲ್ಲಿ ನಿಲ್ಲಿಸಿದ, ಎಷ್ಟು ಡೀಸೆಲ್ ಕದ್ದ, ಎಲ್ಲ ಗೊತ್ತಾಗುತ್ತದೆ ಮೇಡಂ" ಎಂದು ಅವರು ಹೇಳಿದರಂತೆ. ಆ ಮಾತನ್ನು ನಿನ್ನ ಡ್ರೈವರುಗಳ ಎದುರಿಗೇ ಹೇಳಿದರು ಎಂದೆ. ಮುಖ ಸಪ್ಪೆಯಾಗದೆ ಇನ್ನೇನಾದೀತು? ಅವರಲ್ಲಿ ಕೆಲವರು ನೀನು ಯೂನಿಫಾರ್ಮ್ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದಾಗಿನಿಂದ ನಿಮ್ಮ ಮನೆಯ ಗಾಡಿ ಓಡಿಸಿದವರು.

ನೀನು ಎಂಜಿನಿಯರಿಂಗ್ ಓದಿದವಳು, ಈ ಯಂತ್ರದ ವಿಷಯ ನಿನಗೆ ನಾನು ಹೇಳಬೇಕಾದ್ದಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಜಿಪಿಎಸ್ ಡಬ್ಬಿ ಕೂರಿಸುವ ಮುಂಚೆ ಆ ಡ್ರೈವರುಗಳನ್ನೆಲ್ಲ ಕೂರಿಸಿಕೊಂಡು ನೀನೇ ಬಾಯಿಬಿಟ್ಟು ವಿವರಿಸಬೇಕು. ಏಜೆಂಟರ ಕೈಗೆ ಆ ಕೆಲಸ ಕೊಡಬೇಡ.

ಮೇಲಿನಿಂದ ಉಪಗ್ರಹ ನಮ್ಮ ಲಾರಿಯನ್ನು ನೋಡುತ್ತಿರುತ್ತದೆ ಎಂದು ಬಹಳ ಜನ ತಿಳಿದುಕೊಂಡಿದ್ದಾರೆ. ಅದು ಯಾರನ್ನೂ ನೋಡುವುದಿಲ್ಲ. ಜಿಪಿಎಸ್ ಎಂಬುದು ಅಮೆರಿಕದ ರಕ್ಷಣಾ ಇಲಾಖೆ ಕಟ್ಟಿದ ವ್ಯವಸ್ಥೆ. ಸುಮಾರು 30 ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಲ್ಲಿ ದಿನಕ್ಕೆ ಎರಡು ಸುತ್ತಿನಂತೆ ಭೂಮಿಯನ್ನು ಸುತ್ತುತ್ತಿವೆ. ಪ್ರತಿಯೊಂದೂ ಸಾರುವುದು ಎರಡೇ ಸಂಗತಿ: ಈಗ ನನ್ನ ಗಡಿಯಾರದಲ್ಲಿ ಇಷ್ಟು ಹೊತ್ತು, ನಾನು ಇಂಥ ಜಾಗದಲ್ಲಿದ್ದೇನೆ. ಕೇಳಿಸಿಕೊಂಡು ಲೆಕ್ಕ ಹಾಕುವುದೆಲ್ಲ ಲಾರಿಯೊಳಗಿನ ಡಬ್ಬಿಯ ಕೆಲಸ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ ಸಿಡಿಲು ಎಷ್ಟು ದೂರದಲ್ಲಿ ಬಿತ್ತು ಎಂದು ಮಲೆನಾಡಿನವರು ಅಂದಾಜು ಮಾಡುತ್ತಾರಲ್ಲ, ಇಲ್ಲಿಯೂ ಅದೇ ಲೆಕ್ಕ. ಸಂಕೇತ ಹೊರಟದ್ದು ಯಾವಾಗ, ತಲುಪಿದ್ದು ಯಾವಾಗ, ನಡುವೆ ಎಷ್ಟು ಹೊತ್ತಾಯಿತು ಎಂದು ತಿಳಿದರೆ ದೂರ ಸಿಕ್ಕಿತು. ಆದರೆ ರೇಡಿಯೋ ಸಂಕೇತ ಬೆಳಕಿನ ವೇಗದಲ್ಲಿ ಬರುತ್ತದೆ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಅಷ್ಟೆತ್ತರದಿಂದ ಇಳಿಯಲು ಅದಕ್ಕೆ ಬೇಕಾಗುವುದು ಒಂದು ಸೆಕೆಂಡಿನ ಹದಿನೈದರಲ್ಲಿ ಒಂದು ಪಾಲು. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೆ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಅದಕ್ಕೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರ ಇಟ್ಟಿದ್ದಾರೆ. ನಮ್ಮ ಡಬ್ಬಿಯಲ್ಲಿರುವುದು ಸಾಧಾರಣ ಕ್ವಾರ್ಟ್ಜ್ ಗಡಿಯಾರ. ಅದರ ತಪ್ಪನ್ನು ತಿದ್ದಿಕೊಳ್ಳಲು ಇನ್ನೊಂದು ಉಪಗ್ರಹದ ಸಂಕೇತವೂ ಬೇಕು. ಹೀಗೆ ಜಾಗ ಗುರುತಿಸಲು ಮೂರು, ಹೊತ್ತು ಸರಿಪಡಿಸಲು ಒಂದು, ಒಟ್ಟು ಕನಿಷ್ಠ ನಾಲ್ಕು ಉಪಗ್ರಹಗಳು ಆಕಾಶದಲ್ಲಿ ಮರೆಯಿಲ್ಲದೆ ಸಿಗಬೇಕು.

ಐನ್‌ಸ್ಟೈನ್ ಕೂಡ ಈ ಲೆಕ್ಕದಲ್ಲಿ ಇದ್ದಾರೆ, ಗೊತ್ತೇ? ಅಷ್ಟು ಎತ್ತರದಲ್ಲಿ, ಅಷ್ಟು ವೇಗದಲ್ಲಿ ಓಡುವ ಗಡಿಯಾರ ನೆಲದ ಮೇಲಿನ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ. ಆ ವ್ಯತ್ಯಾಸವನ್ನು ಸಾಪೇಕ್ಷತಾ ಸಿದ್ಧಾಂತದಂತೆ ಮೊದಲೇ ಸರಿಪಡಿಸಿರದಿದ್ದರೆ ಒಂದೇ ದಿನದಲ್ಲಿ ಲೆಕ್ಕ ಹತ್ತು ಕಿಲೋಮೀಟರಿಗೂ ಹೆಚ್ಚು ದಾರಿ ತಪ್ಪುತ್ತಿತ್ತು. ಸಕಲೇಶಪುರದ ಪೇಟೆಯಲ್ಲಿ ನಿಂತ ಲಾರಿ ಎಲ್ಲೋ ಕಾಫಿ ತೋಟದ ನಡುವೆ ಇದ್ದಂತೆ ಕಾಣುತ್ತಿತ್ತು.

ಇನ್ನೊಂದು ಸಂಗತಿಯನ್ನು ನೀನು ಅಭಿಮಾನದಿಂದ ಹೇಳಬಹುದು. ಏಳು ಉಪಗ್ರಹಗಳಿಗೆಂದು ಯೋಜಿಸಿದ ನಮ್ಮದೇ ಒಂದು ವ್ಯವಸ್ಥೆ ಇದೆ, ನಾವಿಕ್. ಇಸ್ರೋ ಅದರ ಮೊದಲ ಉಪಗ್ರಹವನ್ನು 2013ರ ಜುಲೈ 1ರಂದು ಹಾರಿಸಿತು, ಏಳನೆಯದನ್ನು 2016ರ ಏಪ್ರಿಲ್ 28ರಂದು. ಅದರ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ಆ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದು ನಿಲ್ಲಿಸುವ ಕೆಲಸ ನಡೆಯುವುದು ನಮ್ಮ ಹಾಸನದ ಸಾಲಗಾಮೆ ರಸ್ತೆಯ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ. ಆ ರಸ್ತೆಯಲ್ಲಿ ಹೋಗುವಾಗ ಕಾಣುವ ದೊಡ್ಡ ದೊಡ್ಡ ಆಂಟೆನಾಗಳನ್ನು ಚಿಕ್ಕವಳಿದ್ದಾಗ ನಿನಗೆ ತೋರಿಸಿದ್ದೆ. ಅಲ್ಲಿ ದುಡಿದು ನಿವೃತ್ತರಾದ ಗೆಳೆಯರೊಬ್ಬರು ಬೆಳಗಿನ ವಾಕಿಂಗಿನಲ್ಲಿ ಇದನ್ನೆಲ್ಲ ನನಗೆ ಬಿಡಿಸಿ ಹೇಳಿದರು. ಮೊದಮೊದಲ ಉಪಗ್ರಹಗಳಲ್ಲಿದ್ದ ವಿದೇಶಿ ಪರಮಾಣು ಗಡಿಯಾರಗಳು ಕೆಟ್ಟು ಬಹಳ ತೊಂದರೆಯಾಯಿತು. ಕೊನೆಗೆ ನಮ್ಮ ವಿಜ್ಞಾನಿಗಳೇ ರುಬಿಡಿಯಂ ಗಡಿಯಾರ ತಯಾರಿಸಿ 2023ರ ಮೇ 29ರಂದು ಎನ್‌ವಿಎಸ್-01 ಉಪಗ್ರಹದಲ್ಲಿ ಕಳಿಸಿದರು. ಇದನ್ನು ಹೇಳುವಾಗ ಅವರ ದನಿ ಬದಲಾಗುತ್ತದೆ.

ಇಷ್ಟು ಆದದ್ದು ಲಾರಿಗೆ ತಾನೆಲ್ಲಿದ್ದೇನೆ ಎಂದು ತಿಳಿದ ಹಾಗೆ. ಅದು ನಿನಗೆ ತಿಳಿಯಬೇಕಾದರೆ ಡಬ್ಬಿಯಲ್ಲಿ ಒಂದು ಸಿಮ್ ಬೇಕು, ಮೊಬೈಲ್ ನೆಟ್‌ವರ್ಕ್ ಬೇಕು. ಡಬ್ಬಿಯ ಒಂದು ತಂತಿ ಇಗ್ನಿಷನ್‌ಗೆ ಸೇರಿರುತ್ತದೆ. ಎಂಜಿನ್ ಚಾಲೂ ಇದ್ದಾಗ ಕೆಲವು ಸೆಕೆಂಡಿಗೊಮ್ಮೆ ಜಾಗ, ವೇಗ, ದಿಕ್ಕು, ಹೊತ್ತು ಇವನ್ನು ಕಂಪನಿಯ ಸರ್ವರಿಗೆ ಕಳಿಸುತ್ತದೆ, ನಿಂತಾಗ ಅಪರೂಪಕ್ಕೆ. ಅಲ್ಲಿಂದ ನಿನ್ನ ಮೊಬೈಲಿನ ಮ್ಯಾಪಿಗೆ. ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿಯುವಾಗ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ. ಮ್ಯಾಪಿನಲ್ಲಿ ಗಾಡಿ ಇದ್ದಲ್ಲೇ ನಿಂತಂತೆ ಕಾಣುತ್ತದೆ, ಗಾಬರಿಯಾಗಬೇಡ. ಒಳ್ಳೆಯ ಡಬ್ಬಿ ಆ ಹೊತ್ತಿನ ಲೆಕ್ಕವನ್ನೆಲ್ಲ ತನ್ನಲ್ಲೇ ಬರೆದಿಟ್ಟುಕೊಂಡು ಗುಂಡ್ಯದ ಕಡೆ ಸಿಗ್ನಲ್ ಸಿಕ್ಕೊಡನೆ ಒಟ್ಟಿಗೆ ಕಳಿಸುತ್ತದೆ. ಎಐಎಸ್-140 ಎಂಬ ನಮ್ಮ ದೇಶದ ಮಾನದಂಡದ ಪ್ರಕಾರ ಡಬ್ಬಿಗೆ 40,000 ದಾಖಲೆ ಹಿಡಿಯುವ ಶಕ್ತಿ ಇರಬೇಕು, ಲಾರಿಯ ಬ್ಯಾಟರಿ ಕಿತ್ತರೂ ಕನಿಷ್ಠ 4 ಗಂಟೆ ನಡೆಯುವ ಸ್ವಂತ ಬ್ಯಾಟರಿ ಇರಬೇಕು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ನಡೆದ ಅತ್ಯಾಚಾರವನ್ನು ದೇಶ ಮರೆಯಲಿಲ್ಲ. ಪ್ರಯಾಣಿಕರ ವಾಹನಗಳಿಗೆ ಈ ಡಬ್ಬಿಯೂ ತುರ್ತು ಗುಂಡಿಯೂ ಕಡ್ಡಾಯವಾದದ್ದರ ಹಿಂದೆ ಆ ನೋವಿದೆ. ಹೊಸದಾಗಿ ನೋಂದಣಿಯಾಗುವ ಅಂಥ ವಾಹನಗಳಿಗೆ 2019ರ ಜನವರಿ 1ರಿಂದ ನಿಯಮ ಜಾರಿಗೆ ಬಂತು. ನಮ್ಮ ರಾಜ್ಯ ನ್ಯಾಷನಲ್ ಪರ್ಮಿಟ್‌ನ ಸರಕು ಗಾಡಿಗಳನ್ನೂ ಇದರಲ್ಲಿ ಸೇರಿಸಿದೆ. ಅಗ್ಗಕ್ಕೆ ಸಿಗುತ್ತದೆ ಎಂದು ಅನುಮೋದನೆ ಇಲ್ಲದ ಡಬ್ಬಿ ಕೊಳ್ಳಬೇಡ. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಂಡು ಕೊಂಡರೆ ಎಫ್‌ಸಿ ಹೊತ್ತಿಗೆ ಎರಡನೇ ಸಲ ದುಡ್ಡು ಸುರಿಯುವುದು ತಪ್ಪುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ.

ನಾನು ಬುಕಿಂಗ್ ಆಫೀಸಿನಲ್ಲಿ ಕೂರುತ್ತಿದ್ದ ಕಾಲಕ್ಕೆ ಗಾಡಿ ಮಂಗಳೂರಿಗೆ ಹೊರಟಿತೆಂದರೆ ಅಲ್ಲಿಗೆ ಮುಗಿಯಿತು. ಡ್ರೈವರ್ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರೆ ಉಂಟು, ಇಲ್ಲವಾದರೆ ಇಲ್ಲ. ರಾತ್ರಿ ಹನ್ನೊಂದರ ಮೇಲೆ ಕಾಲು ದರ ಎಂದು ಅಲ್ಲಿಯವರೆಗೆ ಕಾಯುತ್ತಿದ್ದೆವು. ಪಣಂಬೂರಿನಲ್ಲಿ ಲೋಡ್ ಇಳಿಯಿತೋ ಇಲ್ಲವೋ, ವಾಪಸು ಬರಲು ಗೊಬ್ಬರದ ಲೋಡ್ ಸಿಕ್ಕಿತೋ ಇಲ್ಲವೋ, ಗಾಡಿ ತಿರುಗಿ ಬಂದು ನಿಂತ ಮೇಲೆಯೇ ಗೊತ್ತಾಗುತ್ತಿದ್ದದ್ದು. ಆಗ ಟ್ರಿಪ್ ಲೆಕ್ಕ ನೋಡಿ ಎಲ್ಲ ಮಾಲೀಕರೂ ಕೇಳುತ್ತಿದ್ದ ಮೊದಲ ಪ್ರಶ್ನೆ, "ಇಷ್ಟು ದಿನ ಎಲ್ಲಿದ್ದೆ?" ಡ್ರೈವರ್ ಹೇಳುತ್ತಿದ್ದ ಉತ್ತರವೂ ಹೆಚ್ಚಾಗಿ ಒಂದೇ: "ಗೇಟಿನ ಹತ್ತಿರ ಕಾಯಿಸಿದರು ಸಾರ್." ಅದನ್ನು ನಂಬಿದವರು ಕಡಿಮೆ. ಆದರೆ ಅದು ನಿಜವೇ ಆಗಿರುತ್ತಿತ್ತು. ಕಾಫಿ ಕ್ಯೂರಿಂಗ್ ವರ್ಕ್ಸ್ ಗೇಟು, ಗೋದಾಮಿನ ಗೇಟು, ಬಂದರಿನ ಗೇಟು, ವೇ ಬ್ರಿಜ್ ಮುಂದಿನ ಸಾಲು. ನಮ್ಮ ಗಾಡಿಗಳ ಆಯುಸ್ಸಿನಲ್ಲಿ ದೊಡ್ಡ ಪಾಲು ಕಳೆದದ್ದು ಅಲ್ಲೇ.

ಪುಟ್ಟಿ, ಲಾರಿ ಚಕ್ರ ಉರುಳಿದರೆ ಮಾತ್ರ ಬಾಡಿಗೆ. ಸಾಲದ ಕಂತು, ವಿಮೆ, ರಸ್ತೆ ತೆರಿಗೆ, ಡ್ರೈವರ್ ಸಂಬಳ, ಕ್ಲೀನರ್ ಭತ್ಯೆ ಇವೆಲ್ಲ ನಿಂತಿದ್ದರೂ ನಡೆಯುತ್ತಿರುತ್ತವೆ. ಕಳ್ಳತನವಾದ ಡೀಸೆಲ್ ಕಣ್ಣಿಗೆ ಕಾಣುತ್ತದೆ, ಸಿಟ್ಟು ಬರುತ್ತದೆ. ಕಾದು ಕಳೆದ ಗಂಟೆ ಕಣ್ಣಿಗೆ ಕಾಣುವುದಿಲ್ಲ, ಯಾರ ಮೇಲೂ ಸಿಟ್ಟು ಬರುವುದಿಲ್ಲ. ನನ್ನ ತಿಳಿವಳಿಕೆಯಲ್ಲಿ ನಮ್ಮಂಥ ಸಣ್ಣ ಸಾಗಣೆದಾರರನ್ನು ಹೆಚ್ಚು ಸೋಲಿಸಿದ್ದು ಎರಡನೆಯದೇ. ಟ್ರ್ಯಾಕರ್ ಆ ಕಾಣದ ನಷ್ಟವನ್ನು ಕಾಗದದ ಮೇಲೆ ತೋರಿಸುತ್ತದೆ. ಹೀಗೆ ಮಾಡು: ನೀನು ಲೋಡ್ ಮಾಡುವ, ಇಳಿಸುವ ಪ್ರತಿ ಜಾಗದ ಸುತ್ತ ಮ್ಯಾಪಿನಲ್ಲಿ ಒಂದು ಗೆರೆ ಎಳೆ. ಜಿಯೋಫೆನ್ಸ್ ಎನ್ನುತ್ತಾರಂತೆ. ಗಾಡಿ ಆ ಗೆರೆಯ ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ತಾನಾಗಿ ದಾಖಲಾಗುತ್ತದೆ. ಗೆರೆಯನ್ನು ಕಾಂಪೌಂಡಿಗೆ ಎಳೆದು ಬಿಡಬೇಡ. ಹೊರಗಿನ ರಸ್ತೆಯಲ್ಲಿ ಸಾಲು ನಿಲ್ಲುವ ಜಾಗವೂ ಅದರಲ್ಲಿ ಸೇರಲಿ, ಕಾಯುವುದು ಅಲ್ಲಿಯೇ ತಾನೇ. ತಿಂಗಳ ಕೊನೆಗೆ ಯಾವ ಗಿರಾಕಿ ನಿನ್ನ ಗಾಡಿಯನ್ನು ಎಷ್ಟು ಹೊತ್ತು ಕಾಯಿಸಿದರು ಎಂಬ ಪಟ್ಟಿ ಸಿಗುತ್ತದೆ. ಕಾಯಿಸಿದ್ದಕ್ಕೆ ಹಾಲ್ಟಿಂಗ್ ಚಾರ್ಜ್ ಕೇಳಲು ಹೋದಾಗ "ನಿಮ್ಮ ಡ್ರೈವರ್ ತಡವಾಗಿ ಬಂದ" ಎಂದು ಸಾಗಹಾಕುವವರ ಮುಂದೆ ಇಡಲು ಭಾವನವರ ಹತ್ತಿರ ಏನೂ ಇರಲಿಲ್ಲ. ನಿನ್ನ ಹತ್ತಿರ ಇರುತ್ತದೆ.

ದುಡ್ಡು ಕೊಡದವರೂ ಇರುತ್ತಾರೆ. ಅಂಥವರಿಗೆ ಬಾಡಿಗೆ ಹೇಳುವಾಗ ಆ ಗಂಟೆಗಳನ್ನೂ ಸೇರಿಸಿ ಹೇಳು. ಬೆಳಿಗ್ಗೆ ಬದಲು ಮಧ್ಯಾಹ್ನ ಗಾಡಿ ಕಳಿಸಿದರೆ ಸಾಲು ಚಿಕ್ಕದಿರುತ್ತದೆಯೇ ಎಂದು ಪಟ್ಟಿಯಲ್ಲೇ ನೋಡು. ಖಾಲಿ ಬಂದ ಕಿಲೋಮೀಟರುಗಳ ಲೆಕ್ಕವನ್ನೂ ಬೇರೆ ತೆಗೆ. ಗಾಡಿ ಬಿ.ಸಿ. ರೋಡ್ ದಾಟುವ ಹೊತ್ತಿಗೆ ಅದು ಯಾವಾಗ ಖಾಲಿಯಾಗುತ್ತದೆ ಎಂದು ನಿನಗೆ ಅಂದಾಜು ಸಿಗುವುದರಿಂದ ಮಂಗಳೂರಿನ ಬ್ರೋಕರಿಗೆ ಮೊದಲೇ ಹೇಳಿ ರಿಟರ್ನ್ ಲೋಡ್ ಹಿಡಿಯಬಹುದು. ಡಬ್ಬಿಗೆ ಹಾಕಿದ ದುಡ್ಡು ಹೆಚ್ಚಾಗಿ ಇಂಥ ಕಡೆಯಿಂದಲೇ ವಾಪಸು ಬರುತ್ತದೆ.

ಡೀಸೆಲ್ ವಿಷಯ ಬಿಡುವಂತಿಲ್ಲ. ಕಳ್ಳತನ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಟ್ಯಾಂಕಿನಲ್ಲಿ ಒಂದು ಸೆನ್ಸರ್ ಕಡ್ಡಿ ಇಳಿಬಿಟ್ಟು ಡೀಸೆಲ್ ಎಷ್ಟು ಎತ್ತರಕ್ಕಿದೆ ಎಂದು ಅಳೆಯುತ್ತಾರೆ. ಆದರೆ ಟ್ಯಾಂಕಿನ ಆಕಾರ ಗಾಡಿಯಿಂದ ಗಾಡಿಗೆ ಬೇರೆ. ಆದ್ದರಿಂದ ಕೂರಿಸಿದ ದಿನ ಖಾಲಿ ಟ್ಯಾಂಕಿಗೆ ಸ್ವಲ್ಪ ಸ್ವಲ್ಪವಾಗಿ ಅಳೆದು ಸುರಿಯುತ್ತ, ಪ್ರತಿ ಸಲವೂ ಕಡ್ಡಿ ಎಷ್ಟು ತೋರಿಸುತ್ತದೆ ಎಂದು ಬರೆದು ಹೊಂದಿಸಬೇಕು. ಬೇಗ ಮುಗಿಸಿ ಹೋಗುವ ಆತುರದಲ್ಲಿ ಇದನ್ನು ಮಾಡದೆ ಬಿಡುವವರಿದ್ದಾರೆ, ನೀನು ಎದುರಿಗೆ ನಿಂತು ಮಾಡಿಸು. ಇನ್ನೊಂದು, ಘಾಟಿಯ ಇಳಿಜಾರಿನಲ್ಲಿ ಡೀಸೆಲ್ ಟ್ಯಾಂಕಿನ ಒಂದು ಮಗ್ಗುಲಿಗೆ ವಾಲುತ್ತದೆ, ತಿರುವಿನಲ್ಲಿ ತುಳುಕುತ್ತದೆ. ಗ್ರಾಫಿನಲ್ಲಿ ಗೆರೆ ಧಡಕ್ಕನೆ ಕೆಳಗಿಳಿದಂತೆ ಕಾಣುತ್ತದೆ. ಸಮತಟ್ಟು ರಸ್ತೆಗೆ ಬಂದ ಮೇಲೆ ಆ ಗೆರೆ ಮತ್ತೆ ಮೇಲೇರಿತೇ ಎಂದು ನೋಡದೆ ಯಾರ ಮೇಲೂ ಮಾತೆತ್ತಬೇಡ. ನಿಜವಾಗಿ ಕದ್ದದ್ದಾದರೆ ಗಾಡಿ ನಿಂತಿರುವಾಗ, ಎಂಜಿನ್ ಬಂದ್ ಇರುವಾಗ ಗೆರೆ ಇಳಿದು ಅಲ್ಲೇ ಉಳಿದಿರುತ್ತದೆ. ಅದಕ್ಕಿಂತ ಹೆಚ್ಚು ಡೀಸೆಲ್ ಸುಮ್ಮನೆ ಎಂಜಿನ್ ಓಡಿಸಿಕೊಂಡು ನಿಲ್ಲುವುದರಲ್ಲಿ ಹೋಗುತ್ತದೆ. ದೊಡ್ಡ ಲಾರಿ ಹಾಗೆ ನಿಂತರೆ ಗಂಟೆಗೆ ಎರಡು ಮೂರು ಲೀಟರ್ ಕುಡಿಯುತ್ತದೆ. ಸಾಲಿನಲ್ಲಿ ಅಡಿ ಅಡಿ ಮುಂದೆ ಸರಿಯುತ್ತಿರುವವನು ಎಂಜಿನ್ ಬಂದ್ ಮಾಡುವುದು ಹೇಗೆ? ಅಲ್ಲಿಯೂ ಬೇರು ಗೇಟಿನಲ್ಲೇ ಇದೆ.

ಇನ್ನು ಒಂದು ಮಾತನ್ನು ನೀನು ನನಗೆ ಆಣೆ ಇಟ್ಟಂತೆ ನಡೆಸಿಕೊಡಬೇಕು. ಮ್ಯಾಪಿನಲ್ಲಿ ಗಾಡಿ ಓಡುತ್ತಿದೆ ಎಂದು ಕಂಡರೆ ಡ್ರೈವರಿಗೆ ಫೋನ್ ಮಾಡಬೇಡ. ಗಾಡಿ ಎಲ್ಲಿದೆ ಎಂದು ಕಾಣುವ ಮಾಲೀಕರು ಸುಮ್ಮನಿರಬೇಕಾದ ಕಡೆ ಮೊದಲಿಗಿಂತ ಹೆಚ್ಚು ಫೋನ್ ಮಾಡುವುದನ್ನು ನೋಡಿದ್ದೇನೆ. "ಯಾಕೆ ನಿಧಾನ? ಅಲ್ಲಿ ಯಾಕೆ ನಿಲ್ಲಿಸಿದೆ?" ಘಾಟಿ ಇಳಿಯುವ ಡ್ರೈವರ್ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದರಲ್ಲಿ ಮಾಲೀಕರಿಗೆ ಉತ್ತರ ಕೊಡಬೇಕು. ಈ ಯಂತ್ರ ಬಂದ ಮೇಲೆ ಅಂಥ ಕರೆಗಳು ನಿಲ್ಲಬೇಕಿತ್ತು. ಗಾಡಿ ನಿಂತದ್ದು ಕಂಡ ಮೇಲೆ ಮಾತಾಡು. ನಿನ್ನ ಆಫೀಸಿನ ಹುಡುಗರಿಗೂ ಇದನ್ನೇ ಕಟ್ಟುನಿಟ್ಟು ಮಾಡು.

ಮಳೆಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. 2018ರ ಆಗಸ್ಟಿನಲ್ಲಿ ಶಿರಾಡಿಯೂ ಬಂದ್, ಮಡಿಕೇರಿ ಕಡೆಯ ಸಂಪಾಜೆ ದಾರಿಯೂ ಕುಸಿದು ಬಂದ್ ಆದದ್ದು ನಿನಗೆ ನೆನಪಿರಬೇಕು. 2024ರ ಜುಲೈನಲ್ಲಿ ಶಿರಾಡಿ ದಾರಿಯ ದೊಡ್ಡತಪ್ಪಲೆಯಲ್ಲಿ ಗುಡ್ಡ ಮತ್ತೆ ಮತ್ತೆ ಜರಿಯಿತು. ಚಾರ್ಮಾಡಿ ಘಾಟಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ. ಅಂಥ ದಿನ ಯಾವ ಗಾಡಿ ಹಾಸನ ಬಿಟ್ಟಿಲ್ಲ, ಯಾವುದು ಆಗಲೇ ಘಾಟಿಯ ಬಾಯಿಗೆ ಬಂದಿದೆ, ಯಾವುದು ನೆಲ್ಯಾಡಿಯಲ್ಲಿ ಸುರಕ್ಷಿತವಾಗಿ ನಿಂತಿದೆ ಎಂದು ಒಂದೇ ನೋಟದಲ್ಲಿ ಗೊತ್ತಾದರೆ, ಹೊರಡದೆ ಇರುವವರನ್ನು ಅಲ್ಲೇ ತಡೆದು ನಿಲ್ಲಿಸಬಹುದು. ಆ ಗಲಾಟೆಯಲ್ಲಿ ಸರಕಿನ ಜೊತೆಗಿರುವ ಇ-ವೇ ಬಿಲ್ಲಿನ ಅವಧಿ ಮರೆಯಬೇಡ. 200 ಕಿಲೋಮೀಟರಿಗೆ ಒಂದು ದಿನ ಎಂಬುದು ಅದರ ಲೆಕ್ಕ. ರಸ್ತೆ ಕುಸಿದಿದ್ದರೂ ಅವಧಿ ಓಡುತ್ತಲೇ ಇರುತ್ತದೆ. ಮುಗಿಯುವ ಮುಂಚಿನ ಅಥವಾ ಮುಗಿದ ನಂತರದ 8 ಗಂಟೆಯೊಳಗೆ ಕಾರಣ ಕೊಟ್ಟು ಅವಧಿ ವಿಸ್ತರಿಸಬೇಕು. ಗಾಡಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿದವರಿಗೆ ಮಾತ್ರ ಇದು ಹೊತ್ತಿಗೆ ಸರಿಯಾಗಿ ನೆನಪಾಗುತ್ತದೆ.

ನಿನ್ನ ಪರದೆಯಲ್ಲಿ ದಿನವೂ ಬೆಳಿಗ್ಗೆ ಮೊದಲು ನೋಡಬೇಕಾದ್ದು ಯಾರು ತಡ ಮಾಡಿದರು ಎಂದಲ್ಲ, ಯಾರು ಮಲಗಿಲ್ಲ ಎಂದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಹೇಳಿತ್ತು. 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದಿತ್ತು. ಲಾರಿ ಲೈನಿನಲ್ಲಿ ಅದನ್ನು ಪಾಲಿಸಿದವರನ್ನು ಬೆರಳಲ್ಲಿ ಎಣಿಸಬಹುದು, ಯಾಕೆಂದರೆ ಯಾರು ಎಷ್ಟು ಹೊತ್ತು ಓಡಿಸಿದರು ಎಂಬುದಕ್ಕೆ ದಾಖಲೆಯೇ ಇರಲಿಲ್ಲ. ಈಗ ನಿನ್ನ ಕೈಯಲ್ಲಿದೆ. ರಾತ್ರಿಯೆಲ್ಲ ಓಡಿಸಿ ಬಂದವನಿಗೆ ಬೆಳಿಗ್ಗೆ ಮತ್ತೆ ಲೋಡ್ ಹಾಕಬೇಡ, ಗಿರಾಕಿ ಎಷ್ಟೇ ಒತ್ತಾಯ ಮಾಡಲಿ. ಈ ದಾಖಲೆ ಇಟ್ಟುಕೊಂಡೂ ಅದನ್ನು ನೋಡದೆ ಗಾಡಿ ಕಳಿಸುವುದು ನನ್ನ ಮನಸ್ಸಿಗೆ ದೊಡ್ಡ ಪಾಪ.

ಅದೇ ದಾಖಲೆ ಡ್ರೈವರಿನ ಪಾಲಿಗೆ ಸಾಕ್ಷಿಯೂ ಹೌದು. ಬೈಕೂ ಲಾರಿಯೂ ತಗುಲಿದರೆ ತಪ್ಪು ಯಾರದೆಂದು ವಿಚಾರಿಸುವ ಮೊದಲೇ ಜನ ಲಾರಿಯವನ ಮೇಲೆ ಬೀಳುತ್ತಾರೆ. ಆ ಕ್ಷಣದಲ್ಲಿ ಗಾಡಿಯ ವೇಗ ಇಷ್ಟೇ ಇತ್ತು ಎಂದು ತೋರಿಸಲು ಅವನ ಹತ್ತಿರ ಏನಿತ್ತು ಮೊದಲು? ಕಾಫಿ ಮೂಟೆ ಕಡಿಮೆ ಬಂತು ಎಂದು ದೂರು ಬಂದಾಗಲೂ ಹಾಗೆಯೇ. ದಾರಿಯಲ್ಲಿ ಗಾಡಿ ಊಟಕ್ಕೆ ಬಿಟ್ಟರೆ ಎಲ್ಲೂ ನಿಂತಿಲ್ಲ ಎಂದು ಕಾಗದ ಹೇಳಿದರೆ ಅವನ ಮರ್ಯಾದೆ ಉಳಿಯುತ್ತದೆ. ಡ್ರೈವರುಗಳಿಗೆ ಇದನ್ನು ಮೊದಲು ಹೇಳು. ಅವರ ಮೊಬೈಲಿನಲ್ಲೂ ಅವರವರ ಗಾಡಿಯ ದಾಖಲೆ ಕಾಣುವಂತೆ ಮಾಡಿಕೊಡು. ಏನೇನು ಬರೆದಿಡುತ್ತದೆ, ಯಾರು ಯಾರು ನೋಡುತ್ತಾರೆ, ಎಷ್ಟು ತಿಂಗಳು ಇಡುತ್ತೀರಿ ಎಂದು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಆಫೀಸಿನ ಗೋಡೆಗೆ ಅಂಟಿಸು. ಕದ್ದು ಕೂರಿಸುವ ಡಬ್ಬಿ ನಿನ್ನ ಆಫೀಸಿಗೆ ಬರಬಾರದು. ಲಾರಿಯ ಮೇಲೆ ಕಣ್ಣಿಡಲು ನಿನಗೆ ಹಕ್ಕಿದೆ, ಗಾಡಿ ನಿಲ್ಲಿಸಿ ಮನೆಗೆ ಹೋದ ಮನುಷ್ಯನ ಮೇಲಲ್ಲ. ಅವರ ಸ್ವಂತ ಮೊಬೈಲಿಗೆ ಲೊಕೇಶನ್ ಆಪ್ ಹಾಕಿಸುವ ಯೋಚನೆಯನ್ನು ಯಾರಾದರೂ ಕೊಟ್ಟರೆ ಬೇಡವೆನ್ನು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ಎಷ್ಟು ಓದಿದವರಿಗೆ ಸೇರಿದ್ದೋ ಅಷ್ಟೇ ಲಾರಿ ಡ್ರೈವರಿಗೂ ಸೇರಿದ್ದು.

ಎಂಜಿನ್ ದೂರದಿಂದಲೇ ಬಂದ್ ಮಾಡುವ ಸೌಲಭ್ಯವನ್ನೂ ಕೊಡುತ್ತೇವೆ ಎಂದಿದ್ದಾರೆ ಎಂದೆ. ಗಾಡಿ ಕಳುವಾದಾಗ ಅದು ಉಪಯೋಗಕ್ಕೆ ಬರಬಹುದು. ಆದರೆ ಓಡುವ ಲಾರಿಯ ಎಂಜಿನ್ ಇದ್ದಕ್ಕಿದ್ದಂತೆ ನಿಂತರೆ ಪವರ್ ಸ್ಟಿಯರಿಂಗ್ ಬಿಗಿಯುತ್ತದೆ, ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ. ನಿಂತ ಗಾಡಿ ಮತ್ತೆ ಚಾಲೂ ಆಗದಂತೆ ತಡೆಯುವ ವ್ಯವಸ್ಥೆ ಮಾತ್ರ ಸಾಕು ಎಂದು ಬರೆಸಿಕೋ. ಕರಾರಿನಲ್ಲಿ ಇನ್ನೆರಡು ಮಾತು ಸೇರಿಸು: ನಿನ್ನ ಗಾಡಿಗಳ ದಾಖಲೆ ನಿನ್ನದೇ, ಬೇರೆಯವರಿಗೆ ಕೊಡುವಂತಿಲ್ಲ. ಕಂಪನಿ ಬದಲಿಸಿದರೆ ಹಳೆಯ ದಾಖಲೆಯನ್ನೆಲ್ಲ ಎಕ್ಸೆಲ್‌ನಲ್ಲಿ ಕೊಡಬೇಕು. ಸಿಮ್ ನವೀಕರಣದ ವರ್ಷದ ಖರ್ಚನ್ನೂ ಮೊದಲೇ ಕೇಳಿಕೋ. ಬಹಳ ಕಡೆ ಡಬ್ಬಿ ಇರುತ್ತದೆ, ಸಿಮ್ ಸತ್ತಿರುತ್ತದೆ.

ಇದು ಲಾರಿಯವರದಷ್ಟೇ ವಿದ್ಯೆಯಲ್ಲ. ಅಮೆರಿಕದಲ್ಲಿ ಜಿಪಿಎಸ್ ಪೂರ್ತಿಯಾಗುವ ಮೊದಲೇ, 1988ರಲ್ಲಿ ಕ್ವಾಲ್‌ಕಾಮ್ ಕಂಪನಿ ಬೇರೆ ಉಪಗ್ರಹಗಳನ್ನು ಬಳಸಿ ಟ್ರಕ್ಕುಗಳ ಜಾಗ ಹೇಳುವ ಓಮ್ನಿಟ್ರ್ಯಾಕ್ಸ್ ಎಂಬ ವ್ಯವಸ್ಥೆ ತಂದಿತ್ತು. ಇಲ್ಲಿ ಮೈಸೂರಿನ ನಗರ ಸಾರಿಗೆ ಬಸ್ಸುಗಳಿಗೆ ಜಿಪಿಎಸ್ 2012ರಲ್ಲೇ ಬಂತು, ಬಿಎಂಟಿಸಿಗೆ 2016ರಲ್ಲಿ. ಮಂಗಳೂರಿನಿಂದ ಮೀನು ತರುವ ಗಾಡಿಯವರು ಜಾಗದ ಜೊತೆಗೆ ಒಳಗಿನ ತಂಪನ್ನೂ ಇದರಲ್ಲಿ ನೋಡಬಹುದು. ಹಾಲಿನ ಟ್ಯಾಂಕರು, ಸ್ಕೂಲ್ ವ್ಯಾನು, ಆಂಬುಲೆನ್ಸು, ಎಲ್ಲಕ್ಕೂ ಒಂದೇ ಡಬ್ಬಿ, ನೋಡುವ ಕಣ್ಣು ಬೇರೆ ಬೇರೆ. ನೀನು ಮುಂದೆ ಗಾಡಿಗಳನ್ನು ಹೆಚ್ಚಿಸಿದಾಗ ಕಿಲೋಮೀಟರ್ ಲೆಕ್ಕದಲ್ಲಿ ಆಯಿಲ್ ಬದಲಿಸುವುದು, ಟೈರ್ ತಿರುಗಿಸುವುದು ಇವಕ್ಕೂ ಇದನ್ನೇ ಜೋಡಿಸಿಕೊಳ್ಳಬಹುದು. ಅದಕ್ಕೆ ಅವಸರವಿಲ್ಲ.

ಈಗ ಮಾಡಬೇಕಾದ್ದು ಇಷ್ಟು. ಎಲ್ಲ ಗಾಡಿಗಳಿಗೂ ಒಟ್ಟಿಗೆ ಹಾಕಿಸಬೇಡ. ಹಿರಿಯ ಡ್ರೈವರ್ ಒಬ್ಬರನ್ನು ಕೇಳಿ, ಅವರು ಒಪ್ಪಿದರೆ ಅವರ ಗಾಡಿಗೆ ಮೊದಲು ಹಾಕಿಸು. ಅವರ ಪಕ್ಕದಲ್ಲಿ ಕೂತು ಒಂದು ಸಲ ಮಂಗಳೂರಿಗೆ ಹೋಗಿ ಬಾ, ಗೇಟಿನಲ್ಲಿ ಅವರ ಜೊತೆ ನೀನೂ ಕಾದು ನೋಡು. ಮೊದಲ ತಿಂಗಳ ಪಟ್ಟಿ ಬಂದೊಡನೆ ನನಗೆ ಕಳಿಸು. ಹಾಲ್ಟಿಂಗ್ ಚಾರ್ಜ್ ಕೇಳಿ ಗಿರಾಕಿಗಳಿಗೆ ಬರೆಯಬೇಕಾದ ಕಾಗದವನ್ನು ನಾವಿಬ್ಬರೂ ಕೂತು ಬರೆಯೋಣ. ಬಂದ ದುಡ್ಡಿನಲ್ಲಿ ಒಂದು ಪಾಲನ್ನು, ಆ ಗೇಟಿನಲ್ಲಿ ಕಾದ ಡ್ರೈವರುಗಳಿಗೆ ಕೊಡು.



ಇಂತಿ ನಿನ್ನ ಶ್ರೇಯಸ್ಸನ್ನು ಬಯಸುವ
ಸೋದರಮಾವ